ಇಂಧನ ಕೋಶದ ಬಿಸಿ ಇಳಿಸಿದ ಕಥೆ

ಒಲೆಯಿಂದ ಇಳಿಸಿದ ಹಾಲು ಬೇಗ ಆರಬೇಕಾದರೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಡುವುದು ಮನೆಮನೆಯ ರೂಢಿ. ಹಾಲು ನೀರಿನೊಡನೆ ಬೆರೆಯುವುದಿಲ್ಲ. ಅದರ ಬಿಸಿ ಮಾತ್ರ ಪಾತ್ರೆಯ ಗೋಡೆ ದಾಟಿ ನೀರಿಗೆ ಹೋಗುತ್ತದೆ. ಎಂಜಿನಿಯರರು 'ಶಾಖ ವಿನಿಮಯಕ' ಎಂದು ಕರೆಯುವ ಸಾಧನದ ತತ್ವ ಇಷ್ಟೇ. ಲಾರಿಯ ಮುಂದಿರುವ ರೇಡಿಯೇಟರ್, ಫ್ರಿಜ್ಜಿನ ಕೊಳವೆಗಳು ಎಲ್ಲವೂ ಇದೇ ಜಾತಿಗೆ ಸೇರಿದವು. ಮನುಷ್ಯ ಚಂದ್ರನಿಗೆ ಹೋಗಿ ಬರಲು ನೆರವಾದ ಇಂಧನ ಕೋಶದ ಇತಿಹಾಸದಲ್ಲಿಯೂ ಈ ಸಾಧನಕ್ಕೆ ದೊಡ್ಡ ಪಾಲಿದೆ.

ಇಂಧನ ಕೋಶದಲ್ಲಿ ಜಲಜನಕ ಮತ್ತು ಆಮ್ಲಜನಕಗಳು ಜ್ವಾಲೆಯಿಲ್ಲದೆ ಕೂಡಿ ನೀರಾಗುತ್ತವೆ. ಆ ಕ್ರಿಯೆಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆದರೆ ಇಂಧನದ ಶಕ್ತಿಯೆಲ್ಲ ವಿದ್ಯುತ್ತಾಗುವುದಿಲ್ಲ. ಸುಮಾರು ಅರ್ಧದಷ್ಟು ಶಾಖವಾಗಿ ಉಳಿಯುತ್ತದೆ. ಒಂದು ಕಿಲೋವಾಟ್ ವಿದ್ಯುತ್ತು ಕೊಡುವ ಕೋಶ ಹೆಚ್ಚುಕಡಿಮೆ ಅಷ್ಟೇ ಶಾಖವನ್ನೂ ಕೊಡುತ್ತದೆ. ಅದನ್ನು ಹೊರಹಾಕದಿದ್ದರೆ ಕೋಶ ಹಾಳಾಗುತ್ತದೆ. ಅತಿಯಾಗಿ ಹೊರಹಾಕಿದರೆ ಕೋಶ ತಣ್ಣಗಾಗಿ ಸೊರಗುತ್ತದೆ.

<b>ನ್ಯಾಯಾಧೀಶನ ಪ್ರಯೋಗ</b>

ಇಂಧನ ಕೋಶದ ತತ್ವವನ್ನು 1839ರಷ್ಟು ಹಿಂದೆಯೇ ಪ್ರಯೋಗದಲ್ಲಿ ಕಂಡವನು ವೇಲ್ಸ್‌ನ ವಿಲಿಯಂ ಗ್ರೋವ್. ವೃತ್ತಿಯಿಂದ ವಕೀಲನಾಗಿದ್ದ ಈತ ಮುಂದೆ ನ್ಯಾಯಾಧೀಶನೂ ಆದ. 1842ರಲ್ಲಿ ತನ್ನ 'ಅನಿಲ ಬ್ಯಾಟರಿ'ಯನ್ನು ವಿವರಿಸಿದ. ಗಾಜಿನ ನಳಿಕೆ, ಪ್ಲಾಟಿನಂ ಪಟ್ಟಿ, ಗಂಧಕಾಮ್ಲ ಇವಿಷ್ಟೇ ಅದರ ಸಾಮಗ್ರಿ. ಹುಟ್ಟುತ್ತಿದ್ದ ವಿದ್ಯುತ್ತು ಅತ್ಯಲ್ಪ; ಹೀಗಾಗಿ ಶಾಖವೂ ಅತ್ಯಲ್ಪ. ಅದು ಗಾಜಿನ ಮೂಲಕವೇ ಗಾಳಿಗೆ ಸೇರಿಹೋಗುತ್ತಿತ್ತು. ಬಿಸಿಯ ಸಮಸ್ಯೆ ತಲೆದೋರಲು ಕೋಶ ದೊಡ್ಡದಾಗಬೇಕಿತ್ತು.

ಆ ಕೆಲಸ ಮಾಡಿದವನು ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಟಾಮಸ್ ಬೇಕನ್ (1904-1992). ಹಬೆ ಟರ್ಬೈನುಗಳ ಕಂಪನಿಯಲ್ಲಿ ಕೆಲಸಕ್ಕಿದ್ದ ಆತ 1930ರ ದಶಕದಲ್ಲಿ ಇಂಧನ ಕೋಶದ ಗುಂಗು ಹಿಡಿಸಿಕೊಂಡ. ಆಮ್ಲದ ಬದಲು ಕ್ಷಾರದ್ರವವನ್ನೂ, ದುಬಾರಿ ಪ್ಲಾಟಿನಂ ಬದಲು ನಿಕ್ಕಲ್ ಲೋಹವನ್ನೂ ಬಳಸಿದ. ನಿಕ್ಕಲ್ ಚುರುಕಾಗಿ ಕೆಲಸ ಮಾಡಬೇಕಾದರೆ ಕೋಶ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿರಬೇಕಿತ್ತು. ಆ ಬಿಸಿಯಲ್ಲಿ ದ್ರವ ಕುದಿಯದಿರಲು ಭಾರಿ ಒತ್ತಡವೂ ಬೇಕಿತ್ತು. 1959ರಲ್ಲಿ ಕೇಂಬ್ರಿಜ್‌ನಲ್ಲಿ ಬೇಕನ್ ಪ್ರದರ್ಶಿಸಿದ 40 ಕೋಶಗಳ ಘಟಕ ಗರಗಸವನ್ನೂ ವೆಲ್ಡಿಂಗ್ ಯಂತ್ರವನ್ನೂ ನಡೆಸಿತು. ಗ್ರೋವ್‌ನ ಪ್ರಯೋಗದಿಂದ ಇಲ್ಲಿಗೆ ಬರಲು 120 ವರ್ಷ ಹಿಡಿದಿತ್ತು.

<b>ಗಾಳಿಯಿಲ್ಲದ ಕಡೆ</b>

ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಸಂಸ್ಥೆ ಬೇಕನ್‌ನ ಹಕ್ಕುಗಳನ್ನು ಪಡೆದು ಅಪೊಲೊ ನೌಕೆಗೆ ಇಂಧನ ಕೋಶ ತಯಾರಿಸಿತು. ನೌಕೆಯಲ್ಲಿದ್ದ ಘಟಕಗಳು ಮೂರು. ಒಂದೊಂದರಲ್ಲಿ 31 ಕೋಶಗಳು. ಭೂಮಿಯ ಮೇಲೆ ಬಿಸಿಯನ್ನು ಒಯ್ಯಲು ಗಾಳಿಯಿದೆ, ನೀರಿದೆ. ಬಾಹ್ಯಾಕಾಶದಲ್ಲಿ ಎರಡೂ ಇಲ್ಲ. ಬಿಸಿಯನ್ನು ವಿಕಿರಣದ ರೂಪದಲ್ಲಿ ಚೆಲ್ಲುವುದೇ ಮುಖ್ಯ ದಾರಿ.

ಎಂಜಿನಿಯರರು ಕಂಡುಕೊಂಡ ಉಪಾಯ ಅಚ್ಚುಕಟ್ಟಾಗಿತ್ತು. ಕೋಶಕ್ಕೆ ಅಗತ್ಯಕ್ಕಿಂತ ಹೆಚ್ಚು ಜಲಜನಕವನ್ನು ಹರಿಸಿದರು. ಅದು ಒಳಗಿನ ಬಿಸಿಯನ್ನೂ ಆಗತಾನೆ ಹುಟ್ಟಿದ ನೀರಾವಿಯನ್ನೂ ಹೊತ್ತು ಹೊರಬರುತ್ತಿತ್ತು. ಮುಂದೆ ಶಾಖ ವಿನಿಮಯಕದಲ್ಲಿ ಗ್ಲೈಕಾಲ್ ಬೆರೆತ ತಂಪುನೀರು ಆ ಬಿಸಿಯನ್ನು ಹೀರುತ್ತಿತ್ತು. ಆವಿ ತಣಿದು ನೀರಾಗುತ್ತಿತ್ತು. ಬಿಸಿಯಾದ ಗ್ಲೈಕಾಲ್ ದ್ರವ ನೌಕೆಯ ಹೊರಮೈಯ ರೇಡಿಯೇಟರ್ ಫಲಕಗಳಿಗೆ ಹೋಗಿ ಶಾಖವನ್ನು ಶೂನ್ಯಕ್ಕೆ ಬಿಟ್ಟು ಮರಳುತ್ತಿತ್ತು. ಉಳಿದ ನೀರು ಗಗನಯಾತ್ರಿಗಳ ಕುಡಿಯುವ ನೀರಾಗುತ್ತಿತ್ತು. ಹೀಗೆ ಕೋಶ ತಂಪಾಗಿಸುವ ವ್ಯವಸ್ಥೆಯೇ ನೌಕೆಯ ಬಾವಿಯೂ ಆಯಿತು.

ಈ ಹೆಣಿಗೆ ಕಳಚಿದರೆ ಏನಾಗುತ್ತದೆ ಎಂಬುದು 1970ರ ಏಪ್ರಿಲ್ 13ರಂದು ತಿಳಿಯಿತು. ಅಪೊಲೊ 13 ನೌಕೆ ಭೂಮಿಯಿಂದ ಮೂರು ಲಕ್ಷ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದಾಗ ಆಮ್ಲಜನಕದ ತೊಟ್ಟಿಯೊಂದು ಸ್ಫೋಟಿಸಿತು. ಅದರ ಬೀಜವೂ ಶಾಖವೇ: ಉಡಾವಣೆಗೆ ಮೊದಲು ನೆಲದ ಮೇಲೆ ನಡೆದ ಪರೀಕ್ಷೆಯಲ್ಲಿ ತೊಟ್ಟಿಯ ಹೀಟರ್ ಮಿತಿಮೀರಿ ಕಾದು ತಂತಿಗಳ ಹೊದಿಕೆ ಕೆಟ್ಟಿತ್ತು. ಆಮ್ಲಜನಕ ತಪ್ಪಿದ ಇಂಧನ ಕೋಶಗಳು ಒಂದೊಂದಾಗಿ ಸತ್ತವು. ವಿದ್ಯುತ್ತಿನೊಂದಿಗೆ ನೀರಿನ ಮೂಲವೂ ಬತ್ತಿತು.

ಮೂವರು ಯಾತ್ರಿಗಳು ಬ್ಯಾಟರಿಯಿಂದ ನಡೆಯುವ ಚಂದ್ರನೌಕೆಯಲ್ಲಿ ಆಶ್ರಯ ಪಡೆದರು. ಅಲ್ಲಿನ ಉಪಕರಣಗಳನ್ನು ತಂಪಾಗಿಡುತ್ತಿದ್ದುದು ನೀರು. ನಿರ್ವಾತಕ್ಕೆ ತೆರೆದುಕೊಂಡ ನೀರು ಹೆಪ್ಪುಗಟ್ಟಿ ಆವಿಯಾಗುವಾಗ ಶಾಖವನ್ನು ಒಯ್ಯುತ್ತಿತ್ತು. ಇದ್ದ ನೀರನ್ನು ಯಂತ್ರಕ್ಕೆ ಉಳಿಸಲು ಮನುಷ್ಯರು ಬಾಯಾರಿಕೆ ಸಹಿಸಿದರು. ದಿನಕ್ಕೆ ಒಬ್ಬರಿಗೆ ಸುಮಾರು ಒಂದು ಲೋಟ ನೀರು. ಉಪಕರಣಗಳನ್ನು ಆರಿಸಿದ್ದರಿಂದ ಅವುಗಳ ಬಿಸಿಯೂ ಇಲ್ಲವಾಗಿ ಒಳಗೆ ಕೊರೆಯುವ ಚಳಿ ಆವರಿಸಿತು. ಏಪ್ರಿಲ್ 17ರಂದು ಮೂವರೂ ಜೀವಂತವಾಗಿ ಮರಳಿದರು.

<b>ಕಾರಿನ ಕಷ್ಟ, ಕುಲುಮೆಯ ಕಷ್ಟ</b>

ನೆಲದ ಮೇಲಿನ ಸಮಸ್ಯೆ ಬೇರೆ ಬಗೆಯದು. ಇಂಧನ ಕೋಶದ ಕಾರುಗಳಲ್ಲಿರುವುದು ಪಾಲಿಮರ್ ಪೊರೆಯ ಕೋಶ. ಪೊರೆ ಒದ್ದೆಯಾಗಿರಬೇಕಾದ್ದರಿಂದ ಅದನ್ನು 60ರಿಂದ 80 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ತಂಪಾದ ಕೋಶವಾದರೆ ಕೆಲಸ ಸುಲಭ ಎಂದು ತೋರಬಹುದು. ನಿಜ ಅದಕ್ಕೆ ವಿರುದ್ಧ. ಶಾಖದ ಹರಿವು ಬಿಸಿಗೂ ತಂಪಿಗೂ ಇರುವ ಅಂತರವನ್ನು ಅವಲಂಬಿಸಿದೆ. ಹೊರಗೆ 40 ಡಿಗ್ರಿ ಬಿಸಿಲಿದ್ದಾಗ 100 ಡಿಗ್ರಿಯ ಎಂಜಿನ್ ನೀರಿಗೆ 60 ಡಿಗ್ರಿ ಅಂತರ ಸಿಗುತ್ತದೆ. 70 ಡಿಗ್ರಿಯ ಕೋಶಕ್ಕೆ ಸಿಗುವುದು 30 ಮಾತ್ರ. ಜೊತೆಗೆ ಪೆಟ್ರೋಲ್ ಎಂಜಿನ್ನಿನ ಬಿಸಿಯ ದೊಡ್ಡ ಪಾಲು ಹೊಗೆಕೊಳವೆಯಲ್ಲಿ ಹೋಗಿಬಿಡುತ್ತದೆ. ಕೋಶದ ಬಿಸಿ ಬಹುಪಾಲು ರೇಡಿಯೇಟರಿನ ಮೂಲಕವೇ ಹೋಗಬೇಕು. ಆದ್ದರಿಂದ ರೇಡಿಯೇಟರ್ ದೊಡ್ಡದಾಗಬೇಕು. ತಂಪು ದ್ರವ ವಿದ್ಯುತ್ ಹರಿಯುವ ಕೋಶಗಳ ನಡುವೆಯೇ ಸಾಗುವುದರಿಂದ ಅದರಲ್ಲಿ ಲವಣದ ಅಂಶ ಸೇರಕೂಡದು. ರೇಡಿಯೇಟರಿನ ಲೋಹ ಕರಗಿ ಬೆರೆತರೂ ವಿದ್ಯುತ್ತು ಸೋರುತ್ತದೆ.

ಇದಕ್ಕೆ ತದ್ವಿರುದ್ಧವಾದುದು ಪಿಂಗಾಣಿಯಂಥ ಗಟ್ಟಿ ವಸ್ತುವಿನ ಕೋಶ. ಸ್ವಿಟ್ಜರ್ಲೆಂಡಿನ ಎಮಿಲ್ ಬಾವರ್ ಮತ್ತು ಹಾನ್ಸ್ ಪ್ರೈಸ್ 1937ರಲ್ಲಿ ಇದನ್ನು ಸುಮಾರು 1000 ಡಿಗ್ರಿ ಬಿಸಿಯಲ್ಲಿ ನಡೆಸಿದ್ದರು. ಇಲ್ಲಿ ವಿನಿಮಯಕದ ಕೆಲಸವೇ ಬದಲಾಗುತ್ತದೆ: ಹೊರಹೋಗುವ ಅನಿಲದ ಬಿಸಿಯನ್ನು ಕಸಿದು ಒಳಬರುವ ತಣ್ಣನೆಯ ಗಾಳಿಗೆ ಕೊಡಬೇಕು, ಇಲ್ಲದಿದ್ದರೆ ಪಿಂಗಾಣಿ ಬಿರುಕು ಬಿಟ್ಟೀತು. ಆದರೆ ಅಂಥ ಬಿಸಿಯಲ್ಲಿ ತುಕ್ಕುಹಿಡಿಯದ ಉಕ್ಕಿನಿಂದಲೂ ಕ್ರೋಮಿಯಂ ಆವಿಯಾಗಿ ಹೊರಟು ಕೋಶದ ವಿದ್ಯುದಗ್ರಕ್ಕೆ ವಿಷವಾಗುತ್ತದೆ. ಕಾಪಾಡಬೇಕಾದ ಸಾಧನವೇ ಕೊಲ್ಲುವ ವಿಚಿತ್ರ ಇದು.

ಭಾರತವೂ ಈ ದಾರಿಯಲ್ಲಿ ಹೆಜ್ಜೆಯಿಟ್ಟಿದೆ. 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ ಸಿ58 ರಾಕೆಟ್ಟಿನ ಕೊನೆಯ ಹಂತದಲ್ಲಿ ಇಸ್ರೋ ಪಾಲಿಮರ್ ಪೊರೆಯ ಇಂಧನ ಕೋಶವೊಂದನ್ನು ಪರೀಕ್ಷಿಸಿತು. ಸುಮಾರು 350 ಕಿಲೋಮೀಟರ್ ಎತ್ತರದಲ್ಲಿ ಅದು 180 ವಾಟ್ ವಿದ್ಯುತ್ತು ಕೊಟ್ಟಿತು. ಎರಡು ಮೂರು ಬಲ್ಬು ಉರಿಸುವಷ್ಟು ಶಕ್ತಿ ಎಂದು ಹಗುರವಾಗಿ ಕಾಣಬೇಕಿಲ್ಲ. ಮನುಷ್ಯರನ್ನು ಹೊತ್ತ ನೌಕೆಗೆ ಬೇಕಾಗುವ ಕಿಲೋವಾಟುಗಳ ಕಡೆಗೆ ಅದು ಬೆಳೆದಂತೆಲ್ಲ ಬಿಸಿಯೂ ಅಷ್ಟೇ ಬೆಳೆಯುತ್ತದೆ. ಆ ಬಿಸಿಗೆ ದಾರಿ ಮಾಡಿಕೊಡುವುದು ವಿದ್ಯುತ್ತು ಹುಟ್ಟಿಸುವಷ್ಟೇ ದೊಡ್ಡ ಕೆಲಸ.