ಕಾಸಿನ ಮೇಲಿನ ಮುಖಗಳು

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು ಒಂದು ಕಾಲಕ್ಕೆ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವಾಗಿತ್ತು. ಕಬಿನಿಗೆ ಅಣೆಕಟ್ಟು ಬಂದ ಮೇಲೆ ಆ ಹಳೆಯ ನೆಲೆ ನೀರಿನ ಪಾಲಾಯಿತು. ಕ್ರಿ.ಶ. 150ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಭೂಗೋಳಜ್ಞ ಟಾಲೆಮಿ ಈ ಪುನ್ನಾಟದ ಹೆಸರನ್ನು ಬರೆದಿಟ್ಟಿದ್ದಾನೆ. ಅವನಿಗೆ ನಮ್ಮ ರಾಜರೂ ಬೇಕಿರಲಿಲ್ಲ, ಕಾಕನಕೋಟೆಯ ಆನೆಗಳೂ ಬೇಕಿರಲಿಲ್ಲ. ಅಲ್ಲಿ ವೈಡೂರ್ಯ ಸಿಗುತ್ತದೆ, ಅಷ್ಟೇ ಅವನ ಮಾತು. ಇಂದಿನ ಅಂಗಡಿಯವರು ವೈಡೂರ್ಯವೆಂದು ಕೊಡುವ ಬೆಕ್ಕಿನ ಕಣ್ಣಿನ ಹರಳಲ್ಲ ಅದು. ಪಚ್ಚೆಯ ಜಾತಿಗೆ ಸೇರಿದ, ಸಮುದ್ರದ ನೀರಿನ ಬಣ್ಣದ ಬೆರಿಲ್.

ಆ ಹರಳಿಗೂ ಮೆಣಸಿಗೂ ಮುತ್ತಿಗೂ ರೋಮಿನವರು ಚಿನ್ನ, ಬೆಳ್ಳಿ ಸುರಿದರು. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಭಾರತಕ್ಕೆ ಹರಿದುಹೋಗುತ್ತಿದೆ ಎಂದು ಪ್ಲಿನಿ ಗೊಣಗಿದ. ಇನ್ನೊಂದು ಕಡೆ ಚೀನಾ, ಅರೇಬಿಯಗಳನ್ನೂ ಸೇರಿಸಿ 10 ಕೋಟಿ ಎಂದು ಲೆಕ್ಕ ಹಾಕಿ, ತಪ್ಪನ್ನು ಸುಖಲೋಲುಪತೆಯ ಮೇಲೂ ಹೆಂಗಸರ ಮೇಲೂ ಹೊರಿಸಿದ. ಮೆಣಸು ಹಾಕಿದ ಅಡಿಗೆಯನ್ನು ಗಂಡಸರು ಉಣ್ಣುತ್ತಿರಲಿಲ್ಲವೇನೋ!

ಕೋಟೆಯ ಕಡೆಯಿಂದ ವೈನಾಡು ದಾಟಿ ಘಾಟಿ ಇಳಿದರೆ ಮಲಬಾರಿನ ಕರಾವಳಿ. ಅಲ್ಲಿ ತಲಶ್ಶೇರಿಗೆ ಹತ್ತಿರದ ಕೋಟ್ಟಯಂ ಎಂಬ ಹಳ್ಳಿಯ ಬಳಿ 1847ರಲ್ಲಿ ರೋಮಿನ ಚಿನ್ನದ ನಾಣ್ಯಗಳು ನೂರಾರು ಸಂಖ್ಯೆಯಲ್ಲಿ ಸಿಕ್ಕವು. ನಮ್ಮ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕಿದ್ದು ಬೆಳ್ಳಿಯವು.

ದಕ್ಷಿಣ ಭಾರತಕ್ಕೆ ಹೆಚ್ಚಾಗಿ ಬಂದ ನಾಣ್ಯಗಳಲ್ಲಿ ಎರಡು ನನ್ನನ್ನು ಕಾಡುತ್ತವೆ. ಮೊದಲನೆಯದರಲ್ಲಿ ಒಂದು ಮಗ್ಗುಲಿಗೆ ಚಕ್ರವರ್ತಿ ಅಗಸ್ಟಸ್, ಇನ್ನೊಂದು ಮಗ್ಗುಲಿಗೆ ಈಟಿ ಗುರಾಣಿ ಹಿಡಿದು ನಿಂತ ಇಬ್ಬರು ಹುಡುಗರು: ಗೇಯಸ್ ಮತ್ತು ಲೂಸಿಯಸ್. ಅವರು ಅಗಸ್ಟಸನ ಮಗಳು ಜೂಲಿಯಾಳ ಮಕ್ಕಳು. ಗಂಡುಸಂತಾನವಿಲ್ಲದ ತಾತ ಅವರನ್ನೇ ದತ್ತು ತೆಗೆದುಕೊಂಡು, ಮುಂದಿನ ಒಡೆಯರು ಇವರೇ ಎಂದು ನಾಣ್ಯದ ಮೂಲಕ ಲೋಕಕ್ಕೆ ಸಾರಿದ. ಈ ನಾಣ್ಯ ಶುರುವಾದದ್ದು ಕ್ರಿ.ಪೂ. 2ರ ಸುಮಾರಿಗೆ. ಅದೇ ವರ್ಷ ವ್ಯಭಿಚಾರದ ಆರೋಪ ಹೊರಿಸಿ ಮಗಳನ್ನು ಒಂದು ಸಣ್ಣ ದ್ವೀಪಕ್ಕೆ ಅಟ್ಟಿದ. ಮಕ್ಕಳ ಮುಖ ಊರೂರು ತಿರುಗಿತು, ಹೆತ್ತವಳ ಸುದ್ದಿ ನಾಣ್ಯದಲ್ಲಿಲ್ಲ. ಲೂಸಿಯಸ್ ಕ್ರಿ.ಶ. 2ರಲ್ಲಿ ಸತ್ತ, ಗೇಯಸ್ 4ರಲ್ಲಿ. ಇಬ್ಬರಿಗೂ ಪಟ್ಟ ಸಿಗಲಿಲ್ಲ.

ಪಟ್ಟ ಸಿಕ್ಕಿದ್ದು ಅಗಸ್ಟಸನ ಹೆಂಡತಿ ಲಿವಿಯಾಳ ಮೊದಲ ಗಂಡನ ಮಗ ಟೈಬೀರಿಯಸನಿಗೆ. ಎರಡನೆಯದು ಅವನ ನಾಣ್ಯ. ಅದರ ಹಿಂಬದಿಯಲ್ಲಿ ದಂಡ ಹಿಡಿದು ಪೀಠದ ಮೇಲೆ ಕುಳಿತ ಒಬ್ಬ ಹೆಂಗಸು. ಹೆಸರು ಬರೆದಿಲ್ಲ. ಲಿವಿಯಾಳೇ ಇರಬೇಕೆಂದು ಬಹಳ ವಿದ್ವಾಂಸರ ಅಭಿಪ್ರಾಯ. ನನಗೂ ಹಾಗೇ ಅನ್ನಿಸುತ್ತದೆ.

ಇಲ್ಲಿಗೆ ಬಂದ ಮೇಲೆ ಆ ಮನೆತನದ ಜಗಳ ಯಾರಿಗೆ ಬೇಕಿತ್ತು? ಪುದುಕ್ಕೋಟೆಯಲ್ಲಿ 1898ರಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ ದೊರೆಯ ಮುಖಕ್ಕೇ ಉಳಿಯ ಏಟು ಬಿದ್ದಿದೆ. ಅದು ನಾಣ್ಯವಾಗಿ ಮತ್ತೆ ಚಲಾವಣೆಯಾಗದೆ ಬರಿಯ ಚಿನ್ನವಾಗಿ ತೂಗಲೆಂದು ಹಾಕಿದ ಗುರುತು ಎನ್ನುತ್ತಾರೆ.

ಹೆಂಗಸರ ಕೈಗೆ ಬಂದವಕ್ಕೆ ಬೇರೆ ಗತಿ. ಹುಣಸೂರು, ಕೃಷ್ಣರಾಜನಗರದ ಹಳೆಯ ಮನೆಗಳಲ್ಲಿ ವಿಕ್ಟೋರಿಯ ರಾಣಿಯ ಸವರನ್ನುಗಳನ್ನು ಕಾಸಿನ ಸರ ಮಾಡಿಸಿಕೊಂಡವರಿದ್ದರು. ಆ ಚಾಳಿ ಬಹಳ ಹಳೆಯದು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ 1977ರಲ್ಲಿ ಮುಂದಿನ ಕಾಲದ ರೋಮನ್ ದೊರೆಗಳ ನಲವತ್ತಕ್ಕೂ ಹೆಚ್ಚು ಚಿನ್ನದ ನಾಣ್ಯಗಳು ದೊರೆತವು. ದಕ್ಷಿಣದಲ್ಲಿ ಸಿಕ್ಕ ಆ ಕಾಲದ ನಾಣ್ಯಗಳಲ್ಲಿ ಹಲವಕ್ಕೆ ದೊರೆಯ ತಲೆಯ ಮೇಲ್ಗಡೆ ಒತ್ತಾಗಿ ಎರಡು ತೂತುಗಳಿವೆ. ಒಂದೇ ತೂತಾದರೆ ಕಾಸು ದಾರದಲ್ಲಿ ತಿರುಗಿ ಬೆನ್ನು ತೋರಿಸುತ್ತದೆ. ಎರಡಿದ್ದರೆ ಮುಖ ನೆಟ್ಟಗೆ ಎದುರಿಗೇ ನಿಲ್ಲುತ್ತದೆ.