ಪಟ್ಟಿಯಿಂದ ಪೇಟೆಯ ಬೆಲೆಗೆ: ಮೃತರ ಸೊತ್ತಿನ ಮೌಲ್ಯಮಾಪನದ ಐದು ಶತಮಾನ

2024ರ ಲೋಕಸಭಾ ಚುನಾವಣೆಯ ಕಾವಿನಲ್ಲಿ ಪಿತ್ರಾರ್ಜಿತ ತೆರಿಗೆಯ ಮಾತು ಕೆಲವು ದಿನ ದೊಡ್ಡ ಸದ್ದು ಮಾಡಿ ತಣ್ಣಗಾಯಿತು. ಹಾಕಬೇಕೆ ಬೇಡವೆ, ಹಾಕಿದರೆ ಶೇಕಡಾ ಎಷ್ಟು ಎಂಬುದರ ಸುತ್ತಲೇ ವಾದವೆಲ್ಲ ನಡೆಯಿತು. ಅದಕ್ಕಿಂತ ಮೊದಲು ಏಳಬೇಕಾದ ಪ್ರಶ್ನೆ ಬೇರೆ: ಸತ್ತವರ ಮನೆಯಲ್ಲಿ ಏನೇನಿದೆ, ಅದು ಯಾರದು, ಅದಕ್ಕೆ ಬೆಲೆ ಕಟ್ಟುವವರು ಯಾರು? ಈ ಪ್ರಶ್ನೆಗೆ ಒಂದು ದೀರ್ಘ ಚರಿತ್ರೆಯಿದೆ. ಅದರ ಹೆಚ್ಚಿನ ಭಾಗ ನಡೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿಂದ ಕಾನೂನಿನ ಜೊತೆ ಭಾರತಕ್ಕೂ ಬಂತು, ಇಲ್ಲಿ ಮೂರು ದಶಕ ಬಾಳಿ ಅರ್ಧದಲ್ಲೇ ನಿಂತಿತು.

ನೆರೆಹೊರೆಯವರು ಬರೆದ ಪಟ್ಟಿ

1529ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಬಂದ ಕಾಯಿದೆಯೊಂದು, ವಿಲ್ ಜಾರಿ ಮಾಡುವವರು ಮೃತರ ಸೊತ್ತಿನ ಪೂರ್ಣ ಪಟ್ಟಿ ಸಲ್ಲಿಸಬೇಕೆಂದು ವಿಧಿಸಿತು. ಪಟ್ಟಿ ಮಾಡುವಾಗ ಕನಿಷ್ಠ ಇಬ್ಬರು ಜೊತೆಗಿರಬೇಕು. ಅವರು ಸಾಲ ಕೊಟ್ಟವರಾಗಬಹುದು, ವಿಲ್‌ನಲ್ಲಿ ಪಾಲು ಪಡೆದವರಾಗಬಹುದು, ಯಾರೂ ಸಿಗದಿದ್ದರೆ ನಂಬಿಕಸ್ಥರಾದ ಇನ್ನಿಬ್ಬರಾಗಬಹುದು. ಆಗ ಪ್ರೊಬೇಟ್, ಅಂದರೆ ವಿಲ್ ಸಾಚಾ ಎಂಬ ಮಾನ್ಯತೆ, ಕೊಡುತ್ತಿದ್ದುದು ಚರ್ಚಿನ ನ್ಯಾಯಾಲಯಗಳು. ತೆರಿಗೆಯ ಮಾತು ಇನ್ನೂ ಇರಲಿಲ್ಲ. ಸಾಲ ಕೊಟ್ಟವರಿಗೆ ಮೋಸವಾಗಬಾರದು, ವಿಲ್ ಜಾರಿ ಮಾಡುವವನು ತನ್ನ ಜೇಬು ತುಂಬಿಕೊಳ್ಳಬಾರದು, ಇಲ್ಲದ ಆಸ್ತಿಗಾಗಿ ಅವನನ್ನೂ ಯಾರೂ ಪೀಡಿಸಬಾರದು ಎಂಬುದಷ್ಟೇ ಉದ್ದೇಶ.

ಬೆಲೆ ಕಟ್ಟುತ್ತಿದ್ದವರು ಸಾಮಾನ್ಯವಾಗಿ ಅಕ್ಕಪಕ್ಕದ ರೈತರು, ಕುಶಲಕರ್ಮಿಗಳು. ಒಂದೊಂದೇ ಕೋಣೆ ಹೊಕ್ಕು ಬರೆಯುತ್ತ ಹೋಗುತ್ತಿದ್ದರು. ಮೊದಲು ಮೃತನ ಮೈಮೇಲಿನ ಬಟ್ಟೆ ಮತ್ತು ಚೀಲದಲ್ಲಿದ್ದ ಹಣ. ಆಮೇಲೆ ನಡುಮನೆಯ ಮೇಜು, ಬೆಂಚು. ಮಲಗುವ ಕೋಣೆಯ ಮಂಚ, ಗರಿಯ ಹಾಸಿಗೆ, ದುಪ್ಪಟಿ. ಅಡುಗೆಮನೆಯ ಹಿತ್ತಾಳೆ ಪಾತ್ರೆ, ಕಬ್ಬಿಣದ ಸಲಾಕೆ. ಹಿತ್ತಲಿನ ಹಂದಿ, ಕೋಳಿ. ಹೊಲದಲ್ಲಿ ನಿಂತ ಗೋಧಿ, ಬಣವೆಯ ಹುಲ್ಲು. ಕೊನೆಗೆ ಸಣ್ಣಪುಟ್ಟ ಸಾಮಾನಿಗೂ ಮರೆತುಹೋದದ್ದಕ್ಕೂ ಒಟ್ಟಾಗಿ ಕೆಲವು ಶಿಲಿಂಗು. ಜಮೀನು ಮಾತ್ರ ಈ ಪಟ್ಟಿಗೆ ಬರುತ್ತಿರಲಿಲ್ಲ, ಏಕೆಂದರೆ ಅದು ಚರ್ಚಿನ ನ್ಯಾಯಾಲಯದ ವ್ಯಾಪ್ತಿಯದಲ್ಲ. ಹೀಗಾಗಿ ಊರಿನ ದೊಡ್ಡ ಜಮೀನ್ದಾರನೂ ಪಟ್ಟಿಯಲ್ಲಿ ಬಡವನಂತೆ ಕಾಣಬಹುದಿತ್ತು.

ಇಂಥ ಪಟ್ಟಿಗಳು ದೊಡ್ಡ ಸಂಖ್ಯೆಯಲ್ಲಿ ಉಳಿದಿವೆ. ಶೇಕ್ಸ್‌ಪಿಯರನ 1616ರ ವಿಲ್ ಇದೆ, ಅದರೊಂದಿಗೆ ಸಲ್ಲಿಸಿದ ಪಟ್ಟಿ ಕಳೆದುಹೋಗಿದೆ. ಹೆಂಡತಿಗೆ ಬಿಟ್ಟ ‘ಎರಡನೆಯ ಉತ್ತಮ ಮಂಚ’ ಏನು ಬೆಲೆಯದಾಗಿತ್ತೆಂದು ಹೇಳಬಹುದಾಗಿದ್ದುದು ಆ ಹಾಳೆ. ಇತಿಹಾಸಕಾರ್ತಿ ಲೋರ್ನಾ ವೆದರಿಲ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 3,000 ಪಟ್ಟಿಗಳನ್ನು ಪರಿಶೀಲಿಸಿ, 1660ರಿಂದ 1760ರವರೆಗೆ ಗಡಿಯಾರ, ಕನ್ನಡಿ, ಪಿಂಗಾಣಿ ಯಾವ ವರ್ಗದ ಮನೆಗಳಿಗೆ ಯಾವಾಗ ಬಂದವೆಂದು ಗುರುತಿಸಿದರು. ಸಾಲ ಕೊಟ್ಟವರಿಗಾಗಿ ಬರೆದ ಲೆಕ್ಕ ಮುಂದೆ ಸಾಮಾನ್ಯರ ಬದುಕಿನ ಚರಿತ್ರೆಗೆ ಆಕರವಾಯಿತು.

ಸರ್ಕಾರ ಪಾಲುದಾರನಾದಾಗ

1694ರಲ್ಲಿ ಪ್ರೊಬೇಟ್ ಪತ್ರಕ್ಕೆ ಸ್ಟ್ಯಾಂಪ್ ಶುಲ್ಕ ಬಂತು: 20 ಪೌಂಡ್ ಮೀರಿದ ಆಸ್ತಿಗೆ 5 ಶಿಲಿಂಗು. ಆಸ್ತಿ ಎಷ್ಟಿದ್ದರೂ ಶುಲ್ಕ ಅಷ್ಟೇ ಆದ್ದರಿಂದ ನಿಖರವಾಗಿ ಬೆಲೆ ಕಟ್ಟುವ ತುರ್ತು ಇರಲಿಲ್ಲ. 1780ರಲ್ಲಿ ಪ್ರಧಾನಿ ಲಾರ್ಡ್ ನಾರ್ತ್, ವಿಲ್ ಮೂಲಕ ಬಂದ ಪಾಲಿನ ಮೇಲೆ ಸುಂಕ ಹಾಕಿದರು, 1796ರಲ್ಲಿ ಪ್ರಧಾನಿ ಕಿರಿಯ ಪಿಟ್ ಅದನ್ನು ಬಿಗಿಗೊಳಿಸಿದರು. ದುಡ್ಡು ಬೇಕಾಗಿದ್ದುದು ಯುದ್ಧಗಳಿಗೆ. ಬೆಲೆ ಹೆಚ್ಚಾದಷ್ಟೂ ಸುಂಕ ಹೆಚ್ಚು ಎಂದಾದ ಮೇಲೆ ನೆರೆಯವನ ಅಂದಾಜು ಸಾಲದಾಯಿತು. 1806ರ ಕಾಯಿದೆ ಬೆಲೆ ಕಟ್ಟುವ ವೃತ್ತಿಯವರು ಲೈಸೆನ್ಸ್ ಪಡೆಯಬೇಕೆಂದಿತು. 1853ರಲ್ಲಿ ಹಣಕಾಸು ಸಚಿವ ಗ್ಲಾಡ್‌ಸ್ಟನ್ ಜಮೀನನ್ನೂ ಸುಂಕದ ಬಲೆಗೆ ತಂದರು. 1858ರ ಜನವರಿಯಿಂದ ಪ್ರೊಬೇಟ್ ಅಧಿಕಾರ ಚರ್ಚಿನ ಕೈತಪ್ಪಿ ಸರ್ಕಾರಿ ನ್ಯಾಯಾಲಯದ ಪಾಲಾಯಿತು.

ಈ ಪದ್ಧತಿ ಈಸ್ಟ್ ಇಂಡಿಯಾ ಕಂಪನಿಯ ಹಡಗು ಹತ್ತಿ ಇಲ್ಲಿಗೂ ಬಂತು. ಭಾರತದಲ್ಲಿ ಸತ್ತ ಯುರೋಪಿಯನ್ನರ ಸೊತ್ತಿನ ಪಟ್ಟಿ ಮತ್ತು ಹರಾಜಿನ ಲೆಕ್ಕಗಳು 1780ರಿಂದೀಚೆಗೆ ಸಾಲಾಗಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. 1870ರ ಕೋರ್ಟ್ ಫೀ ಕಾಯಿದೆಗೆ 1899ರಲ್ಲಿ ಆದ ತಿದ್ದುಪಡಿ ಪ್ರೊಬೇಟ್ ಅರ್ಜಿಯ ಜೊತೆ ಆಸ್ತಿಯ ಬೆಲೆಪಟ್ಟಿ ಕಡ್ಡಾಯ ಮಾಡಿತು. ಅದರ ನಮೂನೆಯಲ್ಲಿ ನಗದು, ಮನೆಸಾಮಾನು, ಉಡುಪು, ಪುಸ್ತಕ, ಬೆಳ್ಳಿ ಸಾಮಾನು, ಒಡವೆಗಳ ಅಂದಾಜು ಬೆಲೆಯನ್ನು ‘ತಿಳಿದ ಮಟ್ಟಿಗೆ’ ಬರೆದರೆ ಸಾಕು. ಸರ್ಕಾರಿ ಸಾಲಪತ್ರಗಳಿಗಾದರೆ ಅಂದಿನ ದರವೇ ಬೇಕು.

ನಡೆಯದ ಮಾರಾಟದ ಬೆಲೆ

ಈ ಕ್ಷೇತ್ರದ ದೊಡ್ಡ ತಿರುವು 1894. ಹಣಕಾಸು ಸಚಿವ ವಿಲಿಯಂ ಹಾರ್ಕೋರ್ಟ್ ಮೃತರ ಚರ, ಸ್ಥಿರ ಆಸ್ತಿಯನ್ನೆಲ್ಲ ಒಟ್ಟುಗೂಡಿಸಿ ಶೇಕಡಾ 1ರಿಂದ 8ರವರೆಗೆ ಏರುವ ‘ಎಸ್ಟೇಟ್ ಡ್ಯೂಟಿ’ ತಂದರು. ಬೆಲೆಯೆಂದರೆ ಏನೆಂಬುದನ್ನು ಅದೇ ಕಾಯಿದೆ ಒಂದೇ ವಾಕ್ಯದಲ್ಲಿ ಹೇಳಿತು: ಸತ್ತ ದಿನ ಆ ಸೊತ್ತನ್ನು ಮುಕ್ತ ಮಾರುಕಟ್ಟೆಯಲ್ಲಿ ಮಾರಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟು. ಕೊಂಡಾಗ ಕೊಟ್ಟದ್ದೂ ಅಲ್ಲ, ಹೊಸದು ತರಲು ಬೇಕಾದದ್ದೂ ಅಲ್ಲ, ವಾರಸುದಾರರ ಮಮತೆಯ ಬೆಲೆಯಂತೂ ಅಲ್ಲವೇ ಅಲ್ಲ. ಬ್ರಿಟನ್ನಿನ ಈಗಿನ ಕಾನೂನೂ ಇದೇ ಅಳತೆಗೋಲನ್ನು ಹಿಡಿದಿದೆ.

ಮಾರಾಟ ನಿಜಕ್ಕೂ ನಡೆಯುವುದಿಲ್ಲ, ನಡೆಯಿತೆಂದು ಭಾವಿಸಬೇಕು. ಹಾಗಾದರೆ ಕೊಳ್ಳುವವನು ಯಾರು? 1914ರಲ್ಲಿ ತೀರ್ಮಾನವಾದ ಪ್ಲಿಮತ್ ನಗರದ ಪ್ರಕರಣವೊಂದು ಅದಕ್ಕೆ ಉತ್ತರ ಕೊಟ್ಟಿತು. ಭೂಮೌಲ್ಯ ಸುಂಕಕ್ಕೆ ಸಂಬಂಧಿಸಿದ ಮೊಕದ್ದಮೆಯಾದರೂ ಅದರ ತತ್ವ ಇಲ್ಲಿಗೂ ಅನ್ವಯಿಸಿತು. ಒಂದು ಮನೆ ಸಾಮಾನ್ಯ ಕೊಳ್ಳುಗರಿಗೆ 750 ಪೌಂಡಿನದು. ಪಕ್ಕದಲ್ಲೇ ಇದ್ದ ದಾದಿಯರ ವಸತಿಗೃಹದವರು ಜಾಗ ವಿಸ್ತರಿಸಲೆಂದು 1,000 ಪೌಂಡ್ ಕೊಟ್ಟರು. ಅಂಥ ವಿಶೇಷ ಗರಜಿನ ಗಿರಾಕಿಯೂ ಮಾರುಕಟ್ಟೆಯ ಭಾಗವೇ ಎಂದು ನ್ಯಾಯಾಲಯ ಹೇಳಿತು.

ಮುಂದಿನ ಪ್ರಶ್ನೆ, ಒಟ್ಟಾಗಿ ಮಾರುವುದೋ ಬಿಡಿಬಿಡಿಯಾಗಿಯೋ? ಇದಕ್ಕೆ ಕಾರಣವಾದದ್ದು ಡೆವನ್‌ಶೈರಿನ ಹತ್ತನೆಯ ಡ್ಯೂಕ್ ಸಾವು. ಆಸ್ತಿಯನ್ನು ಮೊದಲೇ ದಾನ ಮಾಡಿ ಐದು ವರ್ಷ ಬದುಕಿದ್ದರೆ ಸುಂಕ ತಪ್ಪುತ್ತಿತ್ತು. ಗಡುವಿಗೆ ಇನ್ನು ಕೆಲವೇ ವಾರ ಇರುವಾಗ, 1950ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಬಿದ್ದ ಸುಂಕ ಶೇಕಡಾ 80. ಹತ್ತಾರು ಸಾವಿರ ಎಕರೆ ಒಮ್ಮೆಗೇ ಮಾರುಕಟ್ಟೆಗೆ ಬಂದರೆ ಬೆಲೆ ಬೀಳುವುದಿಲ್ಲವೇ, ಬಿಡಿಯಾಗಿ ಮಾರಲು ವರ್ಷಗಟ್ಟಲೆ ಬೇಡವೇ ಎಂಬುದು ಅವರ ಆಸ್ತಿಯ ಟ್ರಸ್ಟಿಗಳ ವಾದ. ಸೊತ್ತನ್ನು ಸಹಜವಾಗಿ ಬೇರ್ಪಡುವ ಘಟಕಗಳಾಗಿ ವಿಂಗಡಿಸಿ, ಅವೆಲ್ಲವೂ ಸತ್ತ ದಿನವೇ ಮಾರಾಟವಾದವೆಂದು ಭಾವಿಸಬೇಕು; ಆದರೆ ವಿಂಗಡಣೆಗೆ ಅತಿಯಾದ ಶ್ರಮ, ಖರ್ಚು ಬೇಕಾಗಬಾರದು ಎಂದು 1967ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಪುಸ್ತಕ ಸಂಗ್ರಹಕ್ಕೆ ಇದನ್ನು ಅನ್ವಯಿಸಿ ನೋಡಿದರೆ ಸುಲಭವಾಗಿ ತಿಳಿಯುತ್ತದೆ: ಅಪರೂಪದ ಮೊದಲ ಮುದ್ರಣಗಳನ್ನು ಬೇರೆ ತೆಗೆದು ಒಂದೊಂದಕ್ಕೂ ಬೆಲೆ ಹಾಕಬೇಕು, ಉಳಿದ ರಾಶಿಯನ್ನು ಕಪಾಟಿನ ಲೆಕ್ಕದಲ್ಲಿ.

ಕಣ್ಣಿಗೆ ತಪ್ಪಿದ ಚಿತ್ರ

ಕಲೆ, ಪರಂಪರೆಯ ವಸ್ತುಗಳ ಮೇಲೆ ಈ ಸುಂಕದ ಭಾರ ಬೇರೆ ಥರ ಬಿತ್ತು. ರಾಷ್ಟ್ರೀಯ ಮಹತ್ವದ ವಸ್ತುಗಳಿಗೆ 1896ರಲ್ಲೇ ವಿನಾಯಿತಿ ಬಂದಿತ್ತು. ಹಣದ ಬದಲು ಆಸ್ತಿಯನ್ನೇ ಒಪ್ಪಿಸುವ ದಾರಿ 1910ರಲ್ಲಿ ತೆರೆಯಿತು. ಡೆವನ್‌ಶೈರ್ ಮನೆತನದ ಹಾರ್ಡ್‌ವಿಕ್ ಬಂಗಲೆ ಈ ದಾರಿಯಲ್ಲೇ 1959ರಲ್ಲಿ ನ್ಯಾಷನಲ್ ಟ್ರಸ್ಟಿನ ಕೈಸೇರಿತು.

ಮೌಲ್ಯಮಾಪಕರ ಕಣ್ಣಿಗೂ ಮಿತಿಯಿದೆ ಎಂಬುದು ಬಯಲಾದದ್ದು ಮೆಂಟ್‌ಮೋರ್ ಬಂಗಲೆಯಲ್ಲಿ. ರೋಸ್‌ಬರಿಯ ಆರನೆಯ ಅರ್ಲ್ 1974ರಲ್ಲಿ ತೀರಿಕೊಂಡಾಗ, ಬಂಗಲೆಯನ್ನೂ ಒಳಗಿನ ಸಂಗ್ರಹವನ್ನೂ ಸುಂಕದ ಬದಲು 20 ಲಕ್ಷ ಪೌಂಡಿಗೆ ಸರ್ಕಾರಕ್ಕೆ ಕೊಡಲು ಕುಟುಂಬ ಮುಂದೆ ಬಂತು. ಸರ್ಕಾರ ಬೇಡವೆಂದಿತು. 1977ರ ಮೇ ತಿಂಗಳಲ್ಲಿ ಸಾಥ್‌ಬೀಸ್ ನಡೆಸಿದ ಹರಾಜಿನಲ್ಲಿ ಒಳಗಿನ ವಸ್ತುಗಳಷ್ಟೇ 60 ಲಕ್ಷ ಪೌಂಡ್ ದಾಟಿದವು. ಅಲ್ಲಿ ಕಾರ್ಲ್ ವಾನ್ ಲೂ ಎಂಬ ಕಲಾವಿದನದೆಂದು ಪಟ್ಟಿಯಾಗಿದ್ದ ಚಿತ್ರವೊಂದನ್ನು ಡೇವಿಡ್ ಕ್ಯಾರಿಟ್ ಎಂಬ ಕಲಾ ವ್ಯಾಪಾರಿ 8,000 ಪೌಂಡಿಗೆ ಕೊಂಡರು. ಅದು ಹೆಸರಾಂತ ಫ್ರೆಂಚ್ ಕಲಾವಿದ ಫ್ರಾಗೊನಾರನ ಚಿತ್ರವೆಂದು ಖಚಿತವಾಗಿ, ಮರುವರ್ಷ ನ್ಯಾಷನಲ್ ಗ್ಯಾಲರಿ 4,95,000 ಪೌಂಡ್ ತೆತ್ತು ಪಡೆಯಿತು. ಸರ್ಕಾರದ ಎಡವಟ್ಟಿನ ಮೇಲೆದ್ದ ಗದ್ದಲದ ಫಲವಾಗಿ 1980ರಲ್ಲಿ ರಾಷ್ಟ್ರೀಯ ಪರಂಪರೆ ನಿಧಿ ಸ್ಥಾಪನೆಯಾಯಿತು. ಮಾರುಕಟ್ಟೆಯ ಬೆಲೆ ಎಂಬುದು ಆ ದಿನದ ತಿಳಿವಳಿಕೆಯನ್ನು ಮೀರಲಾರದು.

ನಮ್ಮ ಮೂವತ್ತೊಂದು ವರ್ಷ

ಸ್ವತಂತ್ರ ಭಾರತದ ಎಸ್ಟೇಟ್ ಡ್ಯೂಟಿ ಕಾಯಿದೆ 1953ರ ಅಕ್ಟೋಬರ್ 15ರಂದು ಜಾರಿಗೆ ಬಂತು. ಆಗ ಹಣಕಾಸು ಸಚಿವರು ಸಿ.ಡಿ. ದೇಶಮುಖ್. ಬೆಲೆಯ ವ್ಯಾಖ್ಯೆ ಬ್ರಿಟಿಷರದೇ: ಸತ್ತ ದಿನದ ಮುಕ್ತ ಮಾರುಕಟ್ಟೆ. ಮಾರಾಟಕ್ಕಲ್ಲದ ಪುಸ್ತಕ, ಉಡುವ ಬಟ್ಟೆ, 2,500 ರೂಪಾಯಿವರೆಗಿನ ಮನೆಸಾಮಾನು ಮತ್ತು ಕಸುಬಿನ ಉಪಕರಣಗಳಿಗೆ ವಿನಾಯಿತಿ ಇತ್ತು. ಒಡವೆಗೆ ಇರಲಿಲ್ಲ.

ಇಲ್ಲಿ ತೊಡಕಾದದ್ದು ಬೆಲೆಗಿಂತ ಮೊದಲಿನ ಪ್ರಶ್ನೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ದ ಪ್ರಕಾರ ಅವಿಭಕ್ತ ಕುಟುಂಬದ ಆಸ್ತಿ ಒಬ್ಬನದಲ್ಲ, ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ಯಜಮಾನ ಸತ್ತಾಗ ಅವನದೆಂದು ಎಣಿಸಬೇಕಾದದ್ದು ಎಷ್ಟು? ಸಾಯುವ ಮುನ್ನಾ ಗಳಿಗೆಯಲ್ಲಿ ಪಾಲಾಗಿದ್ದರೆ ಅವನಿಗೆ ಎಷ್ಟು ಬರುತ್ತಿತ್ತೋ ಅಷ್ಟು ಎಂದಿತು ಕಾಯಿದೆ. ನಡೆಯದ ಮಾರಾಟದ ಮೇಲೆ ನಡೆಯದ ಪಾಲು! ಬೀರುವಿನಲ್ಲಿದ್ದ ಒಡವೆಯಲ್ಲಿ ಮನೆತನದ್ದು ಯಾವುದು, ಹೆಂಡತಿಯ ಸ್ತ್ರೀಧನ ಯಾವುದು ಎಂಬುದನ್ನು ಬಿಡಿಸಲು ಹೆಚ್ಚಿನ ಮನೆಗಳಲ್ಲಿ ಕಾಗದಪತ್ರವೇ ಇರುತ್ತಿರಲಿಲ್ಲ.

1966ರ ಹೊತ್ತಿಗೆ 20 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇಕಡಾ 85 ದರವಾಯಿತು. 1972ರ ತಿದ್ದುಪಡಿ, ಸಂಪತ್ತು ತೆರಿಗೆಯ ಅಡಿಯಲ್ಲಿ ನೋಂದಾಯಿತ ಮೌಲ್ಯಮಾಪಕರೆಂಬ ವರ್ಗವನ್ನು ಸೃಷ್ಟಿಸಿತು. ದರ ಏರಿದರೂ ಬೊಕ್ಕಸಕ್ಕೆ ಬಂದದ್ದು ಅತ್ಯಲ್ಪ. ವರ್ಷದ ಉತ್ಪತ್ತಿ ಸುಮಾರು 20 ಕೋಟಿ ರೂಪಾಯಿ, ಅದಕ್ಕೆ ಹೋಲಿಸಿದರೆ ವಸೂಲಿಯ ಖರ್ಚು ಹೆಚ್ಚು ಎಂದು ಹಣಕಾಸು ಸಚಿವ ವಿ.ಪಿ. ಸಿಂಗ್ 1985ರ ಬಜೆಟ್ಟಿನಲ್ಲಿ ಹೇಳಿದರು. ಆ ವರ್ಷದ ಮಾರ್ಚ್ 16ರಿಂದೀಚಿನ ಸಾವುಗಳಿಗೆ ಈ ಸುಂಕವಿಲ್ಲ. 2015ರ ಬಜೆಟ್ಟಿನಲ್ಲಿ ಸಂಪತ್ತು ತೆರಿಗೆಯೂ ರದ್ದಾಯಿತು.

ಈಗಿನ ಲೆಕ್ಕ

ಬ್ರಿಟನ್ನಿನಲ್ಲಿ ಎಸ್ಟೇಟ್ ಡ್ಯೂಟಿಯ ಜಾಗಕ್ಕೆ 1975ರಲ್ಲಿ ಬಂದ ತೆರಿಗೆ 1986ರಿಂದ ‘ಇನ್‌ಹೆರಿಟೆನ್ಸ್ ಟ್ಯಾಕ್ಸ್’ ಎನಿಸಿಕೊಂಡಿದೆ. 3,25,000 ಪೌಂಡಿನ ಮೂಲ ವಿನಾಯಿತಿ 2009ರಿಂದ ಕದಲಿಲ್ಲ. ಅದರಾಚೆಗೆ ಸಾಮಾನ್ಯ ದರ ಶೇಕಡಾ 40. ಮನೆಸಾಮಾನು, ಒಡವೆ, ಕಾರು, ಚಿತ್ರಗಳಿಗೆಂದೇ ಪ್ರತ್ಯೇಕ ಫಾರಂ ಇದೆ. ಅಲ್ಲಿ ಹೆಚ್ಚಾಗಿ ಆಗುವ ತಪ್ಪು ವಿಮೆಯ ಬೆಲೆಯನ್ನೇ ಬರೆಯುವುದು. ವಿಮೆಯ ಬೆಲೆ ಹೊಸದು ಕೊಳ್ಳುವ ಖರ್ಚಿನದು, ಹರಾಜಿನಲ್ಲಿ ಬರುವುದಕ್ಕಿಂತ ಬಹಳ ಹೆಚ್ಚು.

ಇದು ಅಲ್ಲಿನ ಕನ್ನಡಿಗರಿಗೆ ಈಗ ನೇರವಾಗಿ ತಟ್ಟುತ್ತದೆ. 2025ರ ಏಪ್ರಿಲ್ 6ರಿಂದ, ಹಿಂದಿನ 20 ತೆರಿಗೆ ವರ್ಷಗಳಲ್ಲಿ 10 ವರ್ಷ ಅಲ್ಲಿ ನೆಲೆಸಿದವರ ಆಸ್ತಿ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಬೆಂಗಳೂರಿನ ಸೈಟೂ ಸರಿ, ಲಾಕರಿನ ಒಡವೆಯೂ ಸರಿ. ಭಾರತ, ಬ್ರಿಟನ್ ನಡುವೆ 1956ರಲ್ಲಿ ಆದ ಎಸ್ಟೇಟ್ ಡ್ಯೂಟಿ ಒಪ್ಪಂದ ಇನ್ನೂ ಜೀವಂತವಾಗಿದ್ದು, ಮೃತರ ಕಾಯಂ ನೆಲೆ ಭಾರತವೆಂದು ಸಾಬೀತಾದರೆ ಹಲವು ಸಂದರ್ಭಗಳಲ್ಲಿ ರಕ್ಷಣೆ ಕೊಡುತ್ತದೆ. ನಮ್ಮಲ್ಲಿ ಸುಂಕ ಸತ್ತ ಮೇಲೂ ಒಪ್ಪಂದ ಉಳಿದಿದೆ.

ಒಡವೆಯ ಬೆಲೆ ಹೇಗೆ ಇಳಿಯುತ್ತದೆ ನೋಡಿ. ಅಜ್ಜಿಯ ಕಾಸಿನ ಸರವನ್ನು ಮೊದಲು ತಕ್ಕಡಿಗೆ ಇಡುತ್ತಾರೆ. ಅಡ್ಡಿಕೆಯಂಥ ಹಳೆಯ ಒಡವೆಯಾದರೆ ಒಳಗೆ ತುಂಬಿದ ಅರಗು, ಮೇಲಿನ ಕೆಂಪು ಪಚ್ಚೆ ಕಲ್ಲುಗಳ ತೂಕ ಕಳೆಯುತ್ತಾರೆ. ಹಳೆಯದಕ್ಕೆ ಹಾಲ್‌ಮಾರ್ಕ್ ಇರುವುದಿಲ್ಲ. ಒರೆಗಲ್ಲಿನಿಂದಲೋ ಯಂತ್ರದಿಂದಲೋ ಪರಿಶುದ್ಧತೆ ನೋಡುತ್ತಾರೆ. ಕೊಂಡಾಗ ಕೊಟ್ಟ ಮಜೂರಿ, ವೇಸ್ಟೇಜ್ ಲೆಕ್ಕಕ್ಕೆ ಬರುವುದಿಲ್ಲ. ಉಳಿದ ಚಿನ್ನಕ್ಕೆ ಸತ್ತ ದಿನದ ದರ. ಕೆಲಸಗಾರಿಕೆಯೇ ಅಪರೂಪವಾಗಿದ್ದು ಸಂಗ್ರಾಹಕರು ಕೊಳ್ಳುವಂತಿದ್ದರೆ ಲೆಕ್ಕ ಮತ್ತೆ ಮೇಲೇರುತ್ತದೆ.

ಭಾರತದಲ್ಲಿ ಸಾವಿಗೆ ತೆರಿಗೆಯಿಲ್ಲ ನಿಜ, ಬೆಲೆ ಕಟ್ಟುವುದು ಮಾತ್ರ ತಪ್ಪಿಲ್ಲ. ಬಂದ ಆಸ್ತಿಯನ್ನು ವಾರಸುದಾರರು ಮಾರಿದಾಗ ಲಾಭದ ಲೆಕ್ಕ ಹಿಂದಿನವರು ಕೊಂಡ ಬೆಲೆಯಿಂದ ಶುರುವಾಗುತ್ತದೆ. ಹಳೆಯ ಆಸ್ತಿಗೆ 2001ರ ಏಪ್ರಿಲ್ 1ರ ಬೆಲೆಯನ್ನು ಹಿಡಿಯಬಹುದು. ತಾತ ತೀರಿಕೊಂಡಾಗ ಯಾರೂ ಬರೆದಿಡದ ಬೆಲೆಯನ್ನು ಮೊಮ್ಮಕ್ಕಳು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಹುಡುಕಿಸುತ್ತಾರೆ. ಕರ್ನಾಟಕದಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯವಲ್ಲದ್ದರಿಂದ ನ್ಯಾಯಾಲಯಕ್ಕೆ ಪಟ್ಟಿ ಕೊಡುವ ಸಂದರ್ಭವೂ ವಿರಳ.

ಹಾಗೆ ನೋಡಿದರೆ 1985ರಲ್ಲಿ ನಾವು ಕೈಬಿಟ್ಟದ್ದು ಎರಡನ್ನು: ಒಂದು ಸುಂಕ, ಇನ್ನೊಂದು ಪಟ್ಟಿ ಮಾಡುವ ಶಿಸ್ತು. ಮೊದಲನೆಯದು ಮರಳಿ ಬರಬೇಕೇ ಎಂಬುದು ರಾಜಕೀಯದ ಚರ್ಚೆ. ಎರಡನೆಯದು ಹೋದದ್ದು ನಷ್ಟವೇ. ಪಾಲಿನ ಜಗಳಗಳು ಬೆಲೆಗಿಂತ ಹೆಚ್ಚಾಗಿ ಹುಟ್ಟುವುದು ಏನಿತ್ತು, ಏನಿರಲಿಲ್ಲ ಎಂಬುದರಲ್ಲಿ. ಪ್ರೊಬೇಟ್ ಪಡೆದವರು ಆರು ತಿಂಗಳಲ್ಲಿ ಆಸ್ತಿಯ ಪೂರ್ಣ ಪಟ್ಟಿಯನ್ನೂ ಒಂದು ವರ್ಷದಲ್ಲಿ ಲೆಕ್ಕವನ್ನೂ ಸಲ್ಲಿಸಬೇಕೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 317ನೆಯ ಕಲಂ ಇಂದಿಗೂ ಹೇಳುತ್ತದೆ. ಪ್ರೊಬೇಟ್ ಇರಲಿ, ಇಲ್ಲದಿರಲಿ, ಆ ಗಡುವನ್ನು ಪ್ರತಿ ಮನೆಯೂ ತನಗೆ ತಾನೇ ಹಾಕಿಕೊಳ್ಳುವುದು ಒಳ್ಳೆಯದು. ಒಡವೆಯ ತೂಕ, ಫೋಟೊ, ಆ ದಿನದ ದರ, ಸೈಟಿನ ಮಾರ್ಗಸೂಚಿ ಬೆಲೆ ಬರೆದು, ಎಲ್ಲ ವಾರಸುದಾರರೂ ರುಜು ಹಾಕಿ, ಒಬ್ಬೊಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಲಿ.