ಚೀಟಿ ಸೀರೆಯ ಚರಿತ್ರೆ

ದಾವಣಗೆರೆಯ ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತವನಿಗೆ ಗಿರಾಕಿಯ ಮುಖ ನೋಡಿದ ಕೂಡಲೇ ಯಾವ ಗಂಟು ಬಿಚ್ಚಬೇಕು ಅನ್ನೋದು ಗೊತ್ತಾಗಿಬಿಡುತ್ತದೆ. ಟೀಚರಮ್ಮ ಬಂದರೆ, ಬ್ಯಾಂಕಿನವರ ಮನೆಯಾಕೆ ಬಂದರೆ ಮೈಯೆಲ್ಲ ಒಂದೇ ಬಣ್ಣದ, ಸಣ್ಣ ಅಂಚಿನ ಸೀರೆ ಹೊರಗೆ ಬರುತ್ತದೆ. "ಸೋಬರ್ ಆಗಿದೆ ಮೇಡಂ, ನಿಮಗೆ ಒಪ್ಪುತ್ತೆ." ಕಳೆ ತೆಗೆಯುವ ಕೂಲಿಯ ಹೆಂಗಸು ಬಂದರೆ ಬೇರೆ ಗಂಟು. "ನೋಡವ್ವಾ, ದೊಡ್ಡ ಹೂವಿಂದು. ಕೊಳೆ ಕಾಣಂಗಿಲ್ಲ, ಎರಡು ವರ್ಷ ತಡೀತೈತಿ." ಒಬ್ಬಾಕೆಗೆ ಒಪ್ಪುವುದರ ಮಾತು, ಇನ್ನೊಬ್ಬಾಕೆಗೆ ತಡೆಯುವುದರ ಮಾತು. ಇದಕ್ಕೆ ಅಭಿರುಚಿ ಅಂತ ಹೆಸರಿಟ್ಟಿದ್ದಾರೆ. ಮೈತುಂಬ ಹೂವಿದ್ದರೆ ಹಳ್ಳಿಗಮಾರರ ಅಭಿರುಚಿ, ಬರೀ ಬಣ್ಣವಿದ್ದರೆ ಸುಸಂಸ್ಕೃತರ ಅಭಿರುಚಿ. ಈ ಅಭಿರುಚಿ ಯಾವಾಗ ಹುಟ್ಟಿತು, ಯಾರ ಮನೆಯಲ್ಲಿ ಹುಟ್ಟಿತು ಅಂತ ನಾವು ಕೇಳಬೇಕಾಗಿದೆ.

ಮೊದಲಿಗೆ ಒಂದು ಮಾತು ನೆನಪಿಡೋಣ. ನಮ್ಮ ಕೇರಿಗಳಲ್ಲಿ ಬಟ್ಟೆಯನ್ನು ಆರಿಸಿಕೊಳ್ಳುವುದು ಬಹಳ ಹೊಸ ಸಂಗತಿ. ಚಂಡಾಲರು ಹೆಣದ ಮೇಲಿನ ಬಟ್ಟೆ ಉಡಬೇಕು ಎಂದು ವಿಧಿಸಿದ್ದು ಮನುಸ್ಮೃತಿ. ಶೂದ್ರ ಸೇವಕನಿಗೆ ಎಂಜಲನ್ನೂ ಹಳೆಬಟ್ಟೆಯನ್ನೂ ಕೊಡಬೇಕು ಎಂದದ್ದೂ ಅದೇ. ಗ್ರಂಥ ಓದದ ಗೌಡ, ಸಾಹುಕಾರರೂ ಇದನ್ನು ಚಾಚೂ ತಪ್ಪದೆ ಪಾಲಿಸಿದರು. ಜೀತಕ್ಕೆ ಇದ್ದವನಿಗೆ ವರ್ಷಕ್ಕಿಷ್ಟು ಕಾಳು, ಒಂದು ಕಂಬಳಿ, ಒಂದು ಜೊತೆ ಬಟ್ಟೆ. ಅವನ ಹೆಂಡತಿಗೆ ಧಣಿಯ ಮನೆಯ ಹಳೆಸೀರೆ. ಇನ್ನೊಬ್ಬರು ಉಟ್ಟು ಬಿಟ್ಟ ಸೀರೆಯಲ್ಲಿ ಯಾವ ಬಣ್ಣ ಇಷ್ಟ, ಯಾವ ಹೂವು ಇಷ್ಟ ಅಂತ ಕೇಳುವವರು ಯಾರು? ಜೀತ ರದ್ದು ಮಾಡುವ ಕಾಯಿದೆ ಬಂದದ್ದೇ 1976ರಲ್ಲಿ.

ಕೊಟ್ಟದ್ದನ್ನು ಉಡುವುದು ಒಂದು ಕತೆ. ಕೊಂಡು ಉಡಲು ಹೋದಾಗ ಏನಾಯಿತು ಅನ್ನೋದು ಇನ್ನೊಂದು ಕತೆ. 1928ರಲ್ಲಿ ಇಂದೋರ್ ಜಿಲ್ಲೆಯ ಹದಿನೆಂಟು ಹಳ್ಳಿಗಳ ಮೇಲ್ಜಾತಿಯವರು ಸೇರಿ ಅಸ್ಪೃಶ್ಯರಾದ ಬಲಾಯಿಗಳಿಗೆ ಕಟ್ಟಳೆ ವಿಧಿಸಿದರು. ಜರಿಯಂಚಿನ ರುಮಾಲು ಸುತ್ತಕೂಡದು. ಬಣ್ಣದ ಅಂಚು, ಚಿತ್ತಾರದ ಅಂಚು ಇರುವ ಧೋತರ ಉಡಕೂಡದು. ಹೆಂಗಸರು ಚಿನ್ನ ಬೆಳ್ಳಿ ಇಡಕೂಡದು, ಚೆಂದದ ಲಂಗ ರವಿಕೆ ತೊಡಕೂಡದು. ಒಪ್ಪದವರಿಗೆ ಊರ ಬಾವಿ ಬಂದ್, ದನ ಮೇಯಿಸುವುದು ಬಂದ್. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇದನ್ನು ಜಗತ್ತಿಗೆ ತಿಳಿಯುವಂತೆ ದಾಖಲಿಸಿದರು. 1930ರಲ್ಲಿ ತಮಿಳುನಾಡಿನ ರಾಮನಾಡಿನಲ್ಲಿ ಕಳ್ಳರ್ ಜಾತಿಯವರು ಆದಿದ್ರಾವಿಡರಿಗೆ ಎಂಟು ನಿಷೇಧ ಹಾಕಿದರು. ಗಂಡಸರ ಬಟ್ಟೆ ಮೊಣಕಾಲಿನಿಂದ ಕೆಳಗೆ ಇಳಿಯಬಾರದು, ಸೊಂಟದಿಂದ ಮೇಲೆ ಏರಬಾರದು. ಅಂಗಿ ಇಲ್ಲ, ಬನಿಯನ್ ಇಲ್ಲ. ಹೆಂಗಸರಿಗೆ ರವಿಕೆ ಇಲ್ಲ, ಮುಡಿಗೆ ಹೂವೂ ಇಲ್ಲ.

ಬಲಾಯಿಗಳ ಧೋತರ ಬಿಳಿಯದಾಗಿದ್ದರೆ ಯಾರ ತಕರಾರೂ ಇರಲಿಲ್ಲ ಅನ್ನೋದನ್ನು ಓದುಗರು ಗಮನಿಸಬೇಕು. ತಕರಾರು ಇದ್ದದ್ದು ಬೆರಳಗಲದ ಅಂಚಿನ ಮೇಲೆ. ಬೋಳು ಬಟ್ಟೆ ಬಡವನಿಗೆ, ಚಿತ್ತಾರದ ಬಟ್ಟೆ ಉಳ್ಳವನಿಗೆ. ಆವತ್ತಿನ ನ್ಯಾಯ ಇದು. ಇವತ್ತು ಚೌಕಿಪೇಟೆಯ ಅಂಗಡಿಯಲ್ಲಿ ಅದು ತಲೆಕೆಳಗಾಗಿ ನಿಂತಿದೆ. ನಡುವೆ ಏನು ನಡೆಯಿತು?

ಇಂದೋರ್, ರಾಮನಾಡು ಬಿಟ್ಟು ನಮ್ಮ ಸೀಮೆಗೆ ಬರೋಣ. ದಾವಣಗೆರೆ ಗಿರಣಿಗಳ ಊರಾಗುವುದಕ್ಕೆ ಮುಂಚೆ ಕಂಬಳಿಯ ಊರು. ಹೈದರಾಲಿ ಇದನ್ನು ಆಪೋಜಿರಾಮನೆಂಬ ಮರಾಠಿಗನಿಗೆ ಜಹಗೀರು ಕೊಟ್ಟ ಮೇಲೆ ವರ್ತಕರು ಬಂದು ನೆಲೆಯೂರಿ ಪೇಟೆ ಬೆಳೆಯಿತು. ಕಂಬಳಿಗೆ ಬಣ್ಣ ಹಾಕಬೇಕಾಗಿರಲಿಲ್ಲ, ಕುರಿಯ ಕಪ್ಪೇ ಅದರ ಕಪ್ಪು. ಸೀರೆ ಅಂದರೆ ಉತ್ತರದಿಂದ ಬರುವ ಇಳಕಲ್. ಅದರ ಒಡಲು ಹೆಚ್ಚಾಗಿ ಒಂದೇ ಬಣ್ಣದ್ದು, ಇಲ್ಲವೇ ಗೀರು, ಚೌಕಳಿ. ಚಿತ್ತಾರವೆಲ್ಲ ದಡಿ ಮತ್ತು ಸೆರಗಿನಲ್ಲಿ. ಮೇಲೆ ಗುಳೇದಗುಡ್ಡದ ಖಣದ ಕುಬುಸ. ಇನ್ನೂ ಉಳ್ಳವರಿಗೆ ಮೊಳಕಾಲ್ಮೂರಿನ ರೇಷ್ಮೆ.

ಯಾಕೆ ಹೂವು ದಡಿಗೆ, ಸೆರಗಿಗೆ, ಕುಬುಸಕ್ಕೆ ಮಾತ್ರ? ಮಗ್ಗದಲ್ಲಿ ಪ್ರತಿಯೊಂದು ಹೂವಿಗೂ ಕೂಲಿ ಇದೆ. ಬಣ್ಣದ ಎಳೆಯನ್ನು ಹೊಕ್ಕಿನಲ್ಲಿ ಹಾಯಿಸಬೇಕು, ಎಳೆ ಎಣಿಸಬೇಕು. ಹೂವು ಹೆಚ್ಚಾದಂತೆ ದಿನ ಹೆಚ್ಚು, ದಿನ ಹೆಚ್ಚಾದಂತೆ ಬೆಲೆ ಹೆಚ್ಚು. ಹಾಗಾಗಿ ಮೈಮೇಲೆ ಎಷ್ಟು ಹೂವಿದೆ ಅಂತ ಎಣಿಸಿದರೆ ಮನೆಯಲ್ಲಿ ಎಷ್ಟು ಕಾಳಿದೆ ಅಂತ ತಿಳಿಯುತ್ತಿತ್ತು. ಜಾತಿಯ ಕಟ್ಟಳೆ ಇಲ್ಲದ ಊರಿನಲ್ಲೂ ಬೆಲೆಯೇ ಆ ಕೆಲಸ ಮಾಡುತ್ತಿತ್ತು.

ಇದನ್ನು ಮುರಿದದ್ದು ಅಚ್ಚಿನ ಯಂತ್ರ. ಬಟ್ಟೆಗೆ ಮರದ ಅಚ್ಚಿನಿಂದ, ಕಲಮಿನಿಂದ ಹೂವು ಬಿಡಿಸುವ ವಿದ್ಯೆ ಈ ದೇಶದ್ದೇ. ಪಟಿಕ ಹಾಕಿ ಬಣ್ಣವನ್ನು ಎಳೆಗೆ ಕಚ್ಚಿಸಿ, ಎಷ್ಟು ಒಗೆದರೂ ಹೋಗದಂತೆ ಮಾಡುವುದು ನಮ್ಮ ಬಣ್ಣಗಾರರಿಗೆ ಗೊತ್ತಿತ್ತು. ಭಾವಸಾರರು, ರಂಗಾರಿಗಳು, ನೀಲಗಾರರು ಇದರಲ್ಲೇ ಬದುಕಿದವರು. ಆ ಬಟ್ಟೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋದಾಗ ಅಲ್ಲಿ ಕೆಲಸದ ಹೆಣ್ಣುಮಕ್ಕಳೂ ಅದನ್ನು ಉಡತೊಡಗಿದರು. ಮನೆಗೆಲಸದವಳು ಯಾರು, ಒಡತಿ ಯಾರು ಅಂತ ಗೊತ್ತಾಗದೆ ಹೋಯಿತು ಎಂದು ದೊಡ್ಡವರು ದೂರಿದರು. ಹೊಟ್ಟೆಗೆ ಏಟು ಬಿದ್ದ ಅಲ್ಲಿನ ನೇಕಾರರು 1719ರಲ್ಲಿ ಲಂಡನ್ನಿನ ಬೀದಿಯಲ್ಲಿ ಚೀಟಿ ಬಟ್ಟೆ ತೊಟ್ಟ ಹೆಂಗಸರ ಮೈಮೇಲಿನ ಬಟ್ಟೆ ಹರಿದರು. 1721ರಲ್ಲಿ ಅಚ್ಚಿನ ಹತ್ತಿ ಬಟ್ಟೆ ತೊಡುವುದನ್ನೇ ನಿಷೇಧಿಸುವ ಕಾಯಿದೆ ಬಂತು. ಅದು ರದ್ದಾದದ್ದು 1774ರಲ್ಲಿ. ಫ್ರಾನ್ಸಿನಲ್ಲೂ 1686ರಿಂದ 1759ರವರೆಗೆ ಇಂಥದೇ ನಿಷೇಧ. ಇಂದೋರಿನ ಪಟೇಲರೂ ಲಂಡನ್ನಿನ ದೊಡ್ಡವರೂ ಹೂವಿಗೆ ಹೆದರಿದ್ದರ ಕಾರಣ ಬೇರೆ ಬೇರೆಯೇನೂ ಅಲ್ಲ.

ಆಮೇಲೆ ಅದೇ ಇಂಗ್ಲೆಂಡು ವಿದ್ಯೆ ಕಲಿತು ಯಂತ್ರ ಕಟ್ಟಿತು. 1783ರಲ್ಲಿ ಥಾಮಸ್ ಬೆಲ್ ತಾಮ್ರದ ಉರುಳೆಯಿಂದ ಅಚ್ಚು ಹಾಕುವ ಯಂತ್ರಕ್ಕೆ ಹಕ್ಕು ಪಡೆದ. 1856ರಲ್ಲಿ ಪರ್ಕಿನ್ ಡಾಂಬರಿನಿಂದ ನೇರಳೆ ಬಣ್ಣ ತೆಗೆದ. 1897ರಲ್ಲಿ ಜರ್ಮನಿಯಿಂದ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ಮ್ಯಾಂಚೆಸ್ಟರಿನ ಚೀಟಿ ಬಟ್ಟೆ ನಮ್ಮ ಸಂತೆಗಳಿಗೆ ಇಳಿಯಿತು, ನಮ್ಮ ಬಣ್ಣಗಾರರ ಬದುಕು ಮುರಿಯಿತು. ಇದನ್ನು ಸ್ವದೇಶಿ ಚರಿತ್ರೆಕಾರರು ಸಾಕಷ್ಟು ಬರೆದಿದ್ದಾರೆ. ಅವರು ಬರೆಯದ ಇನ್ನೊಂದು ಮುಖ ಇದೆ. ಉರುಳೆಯ ಮೇಲೆ ಒಂದು ಹೂವಿರಲಿ, ನೂರು ಹೂವಿರಲಿ, ಅದು ತಿರುಗುವುದು ಒಂದೇ ವೇಗದಲ್ಲಿ. ಹೂವಿನ ಕೂಲಿ ಸೊನ್ನೆಗೆ ಇಳಿಯಿತು. ಚರಿತ್ರೆಯಲ್ಲಿ ಮೊದಲ ಸಲ ಹೂವಿನ ಬಟ್ಟೆ ಅಗ್ಗವಾಯಿತು.

ಅಷ್ಟೇ ಅಲ್ಲ, ಬೋಳು ಬಟ್ಟೆಗಿಂತಲೂ ಅಗ್ಗವಾಯಿತು. ಒಂದೇ ಬಣ್ಣ ಅದ್ದಿದ ಬಟ್ಟೆಯಲ್ಲಿ ನೂಲಿನ ಗಂಟು, ನೇಯ್ಗೆಯ ತಪ್ಪು, ಬಣ್ಣದ ಹೆಚ್ಚುಕಡಿಮೆ ಎಲ್ಲ ಎದ್ದು ಕಾಣುತ್ತದೆ. ಪ್ಲೇನ್ ಸೀರೆ ಚೆಂದ ಕಾಣಬೇಕಾದರೆ ಬಟ್ಟೆ ಒಳ್ಳೆಯದಿರಬೇಕು. ಕಳಪೆ ಬಟ್ಟೆಯ ಮೇಲೆ ದೊಡ್ಡ ಹೂವು ಹಾಕಿದರೆ ತಪ್ಪೆಲ್ಲ ಮುಚ್ಚಿಹೋಗುತ್ತದೆ. ಗಿರಣಿಯವರಿಗೆ ಇದು ಗೊತ್ತಿತ್ತು. ಉಡುವ ನಮ್ಮ ಹೆಂಗಸರಿಗೂ ಗೊತ್ತಿತ್ತು. ಅದಕ್ಕೇ ಅಂಗಡಿಯಲ್ಲಿ ಸೀರೆಯ ಹಿಂಬದಿ ತಿರುವಿ ನೋಡುತ್ತಿದ್ದರು, ಬಣ್ಣ ಒಳಗಿಳಿದಿದೆಯೋ ಬರೀ ಮೇಲೆ ಬಳಿದಿದೆಯೋ ಅಂತ. "ಬಣ್ಣ ಬಿಡ್ತೈತೇನಪಾ?" ಅಂತ ಕೇಳದೆ ಯಾರೂ ಕೊಳ್ಳುತ್ತಿರಲಿಲ್ಲ. ಕೆಸರು, ಬೆವರು, ಸಗಣಿಯ ಕಲೆ, ತಿಂಗಳ ಕಲೆ ಹೂವಿನೊಳಗೆ ಅಡಗುತ್ತದೆ. ತೇಪೆಯೂ ಅಡಗುತ್ತದೆ. ಇರುವ ಎರಡೇ ಸೀರೆಯಲ್ಲಿ ಒಂದು ಒಣಗುತ್ತಿದ್ದರೆ ಇನ್ನೊಂದರಲ್ಲಿ ವಾರ ಕಳೆಯಬೇಕಾದ ಹೆಂಗಸು ಹೂವಿನ ಸೀರೆ ಆರಿಸಿಕೊಂಡದ್ದು ಗಮಾರತನದಿಂದಲ್ಲ, ಲೆಕ್ಕದಿಂದ. ಲೆಕ್ಕದ ಆಚೆಗೆ ಆಸೆಯೂ ಇತ್ತು. ಮುಡಿಗೆ ಹೂವು ಬೇಡವೆಂದ ಸಮಾಜದಲ್ಲಿ ಮೈತುಂಬ ಹೂವು ಹೊದ್ದು ಸಂತೆಗೆ ಹೋಗುವ ಆಸೆಯನ್ನು ನಾವು ಯಾಕೆ ಮರೆಮಾಚಬೇಕು?

ಇನ್ನು ದಾವಣಗೆರೆ. ಸ್ವಾತಂತ್ರ್ಯಕ್ಕೆ ಮುಂಚೆಯೇ ಇಲ್ಲಿ ಹತ್ತಿ ಗಿರಣಿ ಎದ್ದವು, ಆಮೇಲೆ ಒಂದರ ಹಿಂದೆ ಒಂದು ಬಂದವು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಿತ್ತು. ಸುತ್ತಿನ ಹಳ್ಳಿಗಳ ಭೂಮಿಯಿಲ್ಲದವರು ಬಂದು ಗಿರಣಿಯಲ್ಲಿ ನಿಂತರು. ಕೂದಲು, ಹುಬ್ಬು, ಶ್ವಾಸಕೋಶದ ತುಂಬ ಹತ್ತಿಯ ದೂಳು. ಆದರೆ ವರ್ಷದ ಕಾಳಿನ ಬದಲು ರೊಕ್ಕದ ಸಂಬಳ. ಕೆಂಬಾವುಟದ ಸಂಘ ಕಟ್ಟಿ ಹೋರಾಡಿದರು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿ 1978, 1983, 1985ರಲ್ಲಿ ಇಲ್ಲಿಂದ ವಿಧಾನಸಭೆಗೆ ಆರಿಸಿ ಹೋದದ್ದು ಈ ಕಾರ್ಮಿಕರ ಬಲದಿಂದ. ರೊಕ್ಕ ಕೈಗೆ ಬಂದದ್ದೇ ಬಟ್ಟೆಯ ಚರಿತ್ರೆಯಲ್ಲಿ ದೊಡ್ಡ ತಿರುವು. ಗೌಡನ ಮನೆಯ ಹಳೆಸೀರೆ ಬೇಡ, ನನ್ನ ರೊಕ್ಕದ ಚೀಟಿ ಸೀರೆ ಸಾಕು ಅಂತ ಹೇಳಲು ಆದದ್ದು ಆಗ. ಅಂಗಡಿಯಲ್ಲಿದ್ದ ಹೂವಿನ ಸೀರೆ ಮುಂಬೈ, ಅಹಮದಾಬಾದಿನಲ್ಲಿ ಅಚ್ಚಾದದ್ದು. 1982ರ ಮುಂಬೈ ಗಿರಣಿ ಮುಷ್ಕರದಲ್ಲಿ ಎರಡೂವರೆ ಲಕ್ಷ ಕಾರ್ಮಿಕರು ಸೋತ ಮೇಲೆ ಆ ಜಾಗಕ್ಕೆ ಸೂರತ್ತಿನ ಪಾಲಿಯೆಸ್ಟರ್ ಬಂತು. ದಾವಣಗೆರೆಯ ಗಿರಣಿಗಳೂ ಒಂದೊಂದಾಗಿ ಬಾಗಿಲು ಹಾಕಿದವು. ಡಿಸಿಎಂ ಅನ್ನುವುದು ಈಗ ಒಂದು ಬಡಾವಣೆಯ ಹೆಸರು.

ಹದಿಮೂರು ಹದಿನಾಲ್ಕು ಕಿಲೋಮೀಟರು ಆಚೆ ಹರಿಹರ. ಅಲ್ಲಿ ಹೊಳೆ ದಾಟಿದರೆ ಕುಮಾರಪಟ್ಟಣ. 1972ರಲ್ಲಿ ಅಲ್ಲಿ ಮರದ ತಿರುಳು ಮಾಡುವ ಹರಿಹರ ಪಾಲಿಫೈಬರ್ಸ್, 1977ರಲ್ಲಿ ಆ ತಿರುಳಿನಿಂದ ನಾರು ತೆಗೆಯುವ ಘಟಕ ಶುರುವಾದವು. ಈ ನಾರು ಬಣ್ಣವನ್ನು ಚೆನ್ನಾಗಿ ಕುಡಿಯುತ್ತದೆ, ಹೊಳೆಯುತ್ತದೆ. ಹೂವಿನ ಸೀರೆ ಹೊಳೆದಷ್ಟೂ ತುಂಗಭದ್ರೆ ಕಪ್ಪಾದಳು. ಮೀನು ಸತ್ತು ತೇಲಿದವು, ಕೆಳದಂಡೆಯ ಹಳ್ಳಿಗಳ ಮೀನುಗಾರರು ಹೊಟ್ಟೆಪಾಡು ಕಳೆದುಕೊಂಡರು, 1984ರ ಹೊತ್ತಿಗೆ ಜನ ಬೀದಿಗಿಳಿದರು. ಅದೇ 1984ರಲ್ಲಿ ಸರ್ಕಾರ ಈ ಕಾರ್ಖಾನೆಯ ಜೊತೆ ಸೇರಿ ಕಂಪನಿ ಮಾಡಿ ಸುಮಾರು 75,000 ಎಕರೆ ಸಾರ್ವಜನಿಕ ಭೂಮಿಯನ್ನು ನೀಲಗಿರಿಗೆ ಬಿಡಲು ಹೊರಟಿತು. ದನ ಮೇಯಿಸಲು, ಸೌದೆ ತರಲು ಭೂಮಿಯಿಲ್ಲದವರಿಗೆ ಇದ್ದದ್ದೇ ಆ ನೆಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಅಗ್ಗದ ಹೂವನ್ನು ಹೊಗಳುವಾಗ ಅದರ ಬೇರು ಯಾರ ಗೋಮಾಳದಲ್ಲಿತ್ತು ಅನ್ನೋದನ್ನೂ ಹೇಳಬೇಕು.

ಚಳವಳಿಯೊಳಗೂ ಬಟ್ಟೆಯ ಮಾತು ಸುಲಭದ್ದಾಗಿರಲಿಲ್ಲ. 1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ದಾವಣಗೆರೆಗೂ ಬಂದರು. ಖಾದಿಯ ಬಿಳಿ ಎಲ್ಲರನ್ನೂ ಒಂದು ಮಾಡುತ್ತದೆ ಎಂಬ ನಂಬಿಕೆ ಅವರದು. ಬಿಳಿಯನ್ನು ಬೇಡವೆನ್ನುವಷ್ಟು ಇದ್ದವರಿಗೆ ಬಿಳಿ ಒಂದು ತ್ಯಾಗ. ನಮ್ಮವರಿಗೆ ಅದು ತ್ಯಾಗವಲ್ಲ, ವಿಧವೆಗೆ ಹೊದಿಸಿದ್ದೂ ಬೋಳು ಬಣ್ಣವೇ. ಬಾಬಾಸಾಹೇಬರ ದಾರಿ ಬೇರೆ. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಅವರು ಹೆಂಗಸರನ್ನು ಕೂಡಿಸಿ, ಅಸ್ಪೃಶ್ಯರೆಂದು ಗುರುತು ಹಿಡಿಸುವ ಉಡುಗೆಯನ್ನು ಬಿಡಿ, ಮೊಣಕಾಲ ಮೇಲೆ ಸೀರೆ ಉಡಬೇಡಿ, ಆ ಭಾರದ ಬೆಳ್ಳಿ ಕಡಗಗಳನ್ನು ತೆಗೆಯಿರಿ, ಹರಿದಿದ್ದರೂ ಶುಚಿಯಾಗಿರಲಿ ಎಂದರು. 1956ರಲ್ಲಿ ನಾಗಪುರದ ದೀಕ್ಷೆಗೆ ಜನ ಬಿಳಿ ಉಟ್ಟು ಬಂದರು. ಆ ಬಿಳಿಯನ್ನು ಅವರ ಮೇಲೆ ಯಾರೂ ಹೇರಿರಲಿಲ್ಲ. ನಮ್ಮ ಬಾವುಟದ ನೀಲಿಯೂ ಒಂದೇ ಬಣ್ಣವೇ.

ಬಟ್ಟೆಯೇ ಇಲ್ಲದ ಮೈಯ ಚರಿತ್ರೆಯೂ ಇದರ ಪಕ್ಕದಲ್ಲೇ ಇದೆ. ಹರಿಹರದಲ್ಲಿ 1938ರಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು 1986ರ ಮಾರ್ಚಿನಲ್ಲಿ ಸೊರಬದ ಚಂದ್ರಗುತ್ತಿಗೆ ಹೋಗಿ ಬೆತ್ತಲೆ ಸೇವೆ ತಡೆಯಲು ನಿಂತರು. ಗುಂಪು ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು ಅವರ ಬಟ್ಟೆಯನ್ನೇ ಕಿತ್ತಿತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಹರಕೆ ಹೊತ್ತವರು ಬೇವಿನ ಉಡುಗೆ ಉಡುತ್ತಾರೆ. ಹೆಚ್ಚಿನವರು ಬಡ ಹೆಂಗಸರು, ಮಕ್ಕಳು. ಈಗ ಬಹಳ ಮಂದಿ ಬಟ್ಟೆಯ ಮೇಲೆಯೇ ಬೇವು ಸುತ್ತಿಕೊಳ್ಳುತ್ತಾರೆ. ಬೇವಿನ ಸಂದಿಯಲ್ಲಿ ಇಣುಕುವ ಹೂವಿನ ನೈಟಿಯನ್ನೋ ಸೀರೆಯನ್ನೋ ನೋಡಿದವರಿಗೆ ನಾವು ಏನು ಹೇಳುತ್ತಿದ್ದೇವೆ ಅನ್ನೋದು ಅರ್ಥವಾಗುತ್ತದೆ.

ಹೂವು ಕೇರಿಗೆ ಬಂದ ಕೂಡಲೇ ದೊಡ್ಡಮನೆಗಳು ಹೂವನ್ನು ಬಿಟ್ಟವು. ಢಾಳು, ಕಣ್ಣಿಗೆ ರಾಚುತ್ತದೆ ಅಂತ ಅನ್ನತೊಡಗಿದವು. ಬಣ್ಣದ ಅಂಚು ಬೇಡವೆಂದ ಕಟ್ಟಳೆಗೆ ಈಗ ಪಂಚಾಯ್ತಿ ಬೇಕಿಲ್ಲ, ಒಂದು ನಗೆ ಸಾಕು. ನಮ್ಮಲ್ಲೇ ಓದಿ ನೌಕರಿ ಹಿಡಿದವರು ಮೊದಲ ಸಂಬಳಕ್ಕೆ ಅವ್ವನಿಗೆ ಪ್ಲೇನ್ ಸೀರೆ ತರುತ್ತಾರೆ. ಅವ್ವ ಅದನ್ನು ಟ್ರಂಕಿನಲ್ಲಿಟ್ಟು ಹೂವಿನದನ್ನೇ ಉಡುತ್ತಾಳೆ. ಆಗ ಮಗನಿಗೆ ಸಿಟ್ಟು. ಆ ಸಿಟ್ಟು ಯಾರದು ಅಂತ ಅವನು ತನ್ನನ್ನೇ ಕೇಳಿಕೊಳ್ಳಲಿ.

ಹಳ್ಳಿಶಾಲೆಯ ಮೇಷ್ಟ್ರುಗಳಿಗೆ ಇನ್ನೊಂದು ಮಾತು. ಸಮವಸ್ತ್ರ ನಮ್ಮ ಮಕ್ಕಳಿಗೆ ದೊಡ್ಡ ಆಸರೆ. ಬಟ್ಟೆ ನೋಡಿ ಕೇರಿ ಹೇಳುವುದನ್ನು ಅದು ಅಷ್ಟರಮಟ್ಟಿಗೆ ತಡೆದಿದೆ. ಆದರೆ ಹುಟ್ಟುಹಬ್ಬದ ದಿನ, ಶಾಲಾ ವಾರ್ಷಿಕೋತ್ಸವದ ದಿನ 'ಕಲರ್ ಡ್ರೆಸ್' ಅಂತ ಒಂದಿದೆ. ಆವತ್ತೂ ಸಮವಸ್ತ್ರದಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂರುವ ಮಕ್ಕಳು ಯಾರು ಅಂತ ಒಮ್ಮೆ ಎಣಿಸಿ ನೋಡಿ. ದೊಡ್ಡ ಹೂವಿನ, ಮಿಂಚಿನ ಫ್ರಾಕು ತೊಟ್ಟು ಕುಣಿಯುತ್ತ ಬಂದ ಹುಡುಗಿಗೆ "ಏನೇ ಇದು, ಜಾತ್ರೆಗೆ ಹೊರಟೀಯಾ?" ಅಂತ ಕೇಳುವ ಮುಂಚೆ, ಅವಳ ಅಜ್ಜಿ ಎಂಥ ಬಟ್ಟೆ ಉಟ್ಟಿದ್ದಳು, ಅದು ಯಾರ ಮನೆಯಿಂದ ಬಂದದ್ದು ಅಂತ ಆ ಮನೆಗೆ ಹೋಗಿ ವಿಚಾರಿಸಿ.